ತೆಂಗಿನ ಮರದ ಹಿಂದಿನ ಧ್ರುವ

ಧ್ರುವನಿಗೆ ಅಚಲ ಪದವಿ ಸಿಕ್ಕಿತು, ನಿಜ. ಆದರೆ ಶ್ರೀರಂಗಪಟ್ಟಣದ ನಮ್ಮ ತಾರಸಿಯಿಂದ ನೋಡಿದರೆ ಆ ಪದವಿ ಇರುವುದು ಪಕ್ಕದ ಮನೆಯ ತೆಂಗಿನ ಮರದ ಹಿಂದೆ. ನಮ್ಮೂರಿನ ಅಕ್ಷಾಂಶ 12 ಡಿಗ್ರಿ ಚಿಲ್ಲರೆ. ಧ್ರುವನೂ ದಿಗಂತದಿಂದ ಅಷ್ಟೇ ಎತ್ತರ. ಕೈ ಚಾಚಿ ಹಿಡಿದರೆ ಒಂದು ಮುಷ್ಟಿ, ಅದರ ಮೇಲೊಂದು ಬೆರಳು. ಅಷ್ಟರೊಳಗೆ ತೆಂಗಿನ ಗರಿ, ನೀರಿನ ಟ್ಯಾಂಕು, ಡಿಶ್ ಎಲ್ಲ ತುಂಬಿಕೊಂಡಿರುತ್ತವೆ. ಮದುವೆಯ ದಿನ ಪುರೋಹಿತರು ಮಟಮಟ ಮಧ್ಯಾಹ್ನ ಛತ್ರದ ಬಾಗಿಲಿಗೆ ಕರೆದುಕೊಂಡು ಹೋಗಿ, ಧ್ರುವ ಅರುಂಧತಿ ಕಂಡಿತೇ ಎಂದಾಗ, ಊಟದ ಪಂಕ್ತಿ ನೆನೆದು 'ಕಂಡಿತು' ಎಂದುಬಿಟ್ಟಿದ್ದೆ. ಆ ಸುಳ್ಳಿಗೆ ಈಗ ಬಡ್ಡಿ ಕಟ್ಟುತ್ತಿದ್ದೇನೆ.

ನನಗೆ ರಾತ್ರಿ ಆಕಾಶದ ಫೋಟೋ ತೆಗೆಯುವ ಹುಚ್ಚು. ಭೂಮಿ ಸುಮ್ಮನಿರುವುದಿಲ್ಲವಲ್ಲ, ಕ್ಯಾಮೆರಾ ಹೆಚ್ಚು ಹೊತ್ತು ತೆರೆದಿಟ್ಟರೆ ಚುಕ್ಕೆಗಳೆಲ್ಲ ಗೆರೆಯಾಗುತ್ತವೆ. ಆಕಾಶದ ಜೊತೆಗೇ ತಿರುಗುವ ಟ್ರ್ಯಾಕರ್ ಇದೆ. ಅದರ ಅಚ್ಚನ್ನು ಧ್ರುವನ ಕಡೆಗೆ ಕೂರಿಸಬೇಕು. ತೆಂಗಿನ ಮರ ಕಡಿಸಿ ಅನ್ನುವುದಕ್ಕೆ ಯಾವ ಮುಖ? ಹಾಗಾಗಿ ನನ್ನದು ಬಡವರ ದಾರಿ. 50 ಎಂಎಂ ಲೆನ್ಸು, ಆರಾರು ಸೆಕೆಂಡಿನ 300 ಫೋಟೋ, ಆಮೇಲೆ ಪುಕ್ಕಟೆ ಸಿಗುವ ಡೀಪ್‌ಸ್ಕೈಸ್ಟ್ಯಾಕರ್‌ನಲ್ಲಿ ಎಲ್ಲವನ್ನೂ ಒಂದರ ಮೇಲೊಂದು ಪೇರಿಸುವುದು. ಒಂದೊಂದರಲ್ಲೂ ಇದೆಯೋ ಇಲ್ಲವೋ ಎಂಬಂತಿದ್ದ ಬೆಳಕು ಮುನ್ನೂರು ಸೇರಿದಾಗ ಎದ್ದು ಕಾಣುತ್ತದೆ. ಚೀಟಿ ದುಡ್ಡಿದ್ದ ಹಾಗೆ.

ಆಂಡ್ರೊಮಿಡಾ ಗೆಲಾಕ್ಸಿಯ ನನ್ನ ಮೊದಲ ಫೋಟೋ ಸಿಕ್ಕಿದ್ದು ಇಲ್ಲಲ್ಲ, ನಾಗಮಂಗಲದ ಕಡೆ, ಸ್ನೇಹಿತರ ಹೊಲದಲ್ಲಿ. ಶ್ರೀರಂಗಪಟ್ಟಣಕ್ಕೆ ನೈರುತ್ಯದಲ್ಲಿ ಮೈಸೂರಿನ ಬೆಳಕು ಮಬ್ಬಾಗಿ ಕೂತಿರುತ್ತದೆ. ಪಾಂಡವಪುರದಲ್ಲಿ ಕುಂತಿ ಬೆಟ್ಟ ಹತ್ತಿದರೆ ಸರಿಹೋದೀತು ಅಂದುಕೊಂಡೆ, ಕೆಳಗೆ ಆಲೆಮನೆ. ಕೊಪ್ಪರಿಗೆಯಡಿ ಕಬ್ಬಿನ ಸಿಪ್ಪೆ ಧಗಧಗ ಉರಿಯುತ್ತಿತ್ತು. ಬೆಲ್ಲದ ಘಮ ಬೇಡ ಎನ್ನುವವನು ಈ ಜಿಲ್ಲೆಯವನೇ ಅಲ್ಲ. ಆದರೆ 25 ಲಕ್ಷ ವರ್ಷ ಎಲ್ಲೂ ನಿಲ್ಲದೆ ಬಂದ ಬೆಳಕು ಕೊನೇ ಎರಡು ಫರ್ಲಾಂಗಿನಲ್ಲಿ ಬೆಲ್ಲದ ಹೊಗೆಗೆ ಸಿಕ್ಕಿಕೊಂಡರೆ ಯಾರಿಗೆ ಹೇಳುವುದು? ಕೆ.ಆರ್. ಪೇಟೆಯಲ್ಲಿ ನಾಲೆ ಪಕ್ಕದ ಗದ್ದೆ ಬದುವಿನ ಮೇಲೆ ಕ್ಯಾಮೆರಾ ಇಟ್ಟೆ. ಹತ್ತು ನಿಮಿಷಕ್ಕೆ ಲೆನ್ಸಿನ ತುಂಬ ಇಬ್ಬನಿ, ಬಂದ ಅರವತ್ತು ಫೋಟೋನೂ ಹಾಲಿನ ಬಟ್ಟಲು. ನಾಗಮಂಗಲದ್ದು ಮಳೆಯಾಶ್ರಯದ ಒಣ ನೆಲ, ರಾಗಿಯ ನೆಲ. ರೈತರಿಗೆ ಯಾವುದು ಕಷ್ಟವೋ ಅದೇ ನನಗೆ ಅನುಕೂಲವಾಯಿತು ಎನ್ನಲು ಸಂಕೋಚವೇ. ಬರುವಾಗ ಸ್ನೇಹಿತರು ಒಂದು ಚೀಲ ರಾಗಿಯನ್ನೂ ಕೊಟ್ಟು ಕಳಿಸಿದರು.

ಚಂದ್ರನದು ಬೇರೆ ಲೆಕ್ಕ. ಅವನಿಗೆ ಹೊಗೆಯೂ ಅಡ್ಡಿಯಲ್ಲ, ಬೀದಿ ದೀಪವೂ ಅಡ್ಡಿಯಲ್ಲ. ನಾಲ್ಕೂವರೆ ಇಂಚಿನ ದೂರದರ್ಶಕಕ್ಕೆ ಮೊಬೈಲು ಹಿಡಿದರೂ ಬರುತ್ತಾನೆ. ಹುಣ್ಣಿಮೆಯ ದಿನ ಮಾತ್ರ ಬೇಡ. ಬಿಸಿಲು ನೇರ ಬಿದ್ದು ನೆರಳೇ ಇರುವುದಿಲ್ಲ, ಫೋಟೋ ಒಳ್ಳೇ ಅಕ್ಕಿ ರೊಟ್ಟಿ. ಅಷ್ಟಮಿಯ ಆಸುಪಾಸಿನಲ್ಲಿ ಕತ್ತಲು ಬೆಳಕಿನ ಅಂಚಿನಲ್ಲಿ ಕುಳಿಗಳು ಎದ್ದು ನಿಲ್ಲುತ್ತವೆ. ಅಂಥ ಒಂದು ಸಂಜೆ ಪಕ್ಕದ ಮನೆಯ ಅಜ್ಜಿ, ಅಂದರೆ ತೆಂಗಿನ ಮರದ ಒಡತಿ, ಮೇಲೆ ಬಂದರು.

"ಏನಪ್ಪಾ, ದಿನಾ ರಾತ್ರಿ ಮೇಲ್ಗಡೆ ಏನ್ ಉಡುಕ್ತೀಯ?"

"ಬನ್ನಿ ಅಜ್ಜಿ, ನೀವೂ ನೋಡಿ."

ಒಂದು ಕಣ್ಣನ್ನು ಕೈಯಿಂದ ಮುಚ್ಚಿ ಬಗ್ಗಿದರು. ಸ್ವಲ್ಪ ಹೊತ್ತು ಉಸಿರೇ ಇಲ್ಲ. "ಅಯ್ಯೋ, ಅಮ್ಮ ಎದ್ದು ಹೋದಂಗದಲ್ಲಪ್ಪ ಮೊಕ!" ಎಂದು ಸೊಸೆಯನ್ನು ಕೂಗಿದರು. ಸೊಸೆ ಮೆಟ್ಟಿಲು ಹತ್ತುವಷ್ಟರಲ್ಲಿ ಚಂದ್ರ ಆಚೆ ಜಾರಿದ್ದ. ದೂರದರ್ಶಕದೊಳಗೆ ಎರಡೇ ನಿಮಿಷಕ್ಕೆ ತನ್ನ ಅಗಲದಷ್ಟು ಸರಿದುಬಿಡುತ್ತಾನೆ.

ಇದೇ ಊರಿನ ಹತ್ತಿರ ನಕ್ಷತ್ರ ನೋಡಿ ಬದುಕಿಕೊಂಡವರಿದ್ದಾರೆ. 1799ರ ಏಪ್ರಿಲ್, ಕೋಟೆಯ ಮುತ್ತಿಗೆಗೆ ಬಂದ ಕಂಪನಿ ಸೈನ್ಯ. ಜನರಲ್ ಬೇರ್ಡ್ ರಾತ್ರಿ ಹೊತ್ತು ತುಕಡಿ ಕರೆದುಕೊಂಡು ಹೊರಟ. ದಕ್ಷಿಣಕ್ಕೆ ಹೋಗಬೇಕಾದವರು ಉತ್ತರಕ್ಕೆ, ಟಿಪ್ಪುವಿನ ಕಡೆಗೇ, ಹೋಗುತ್ತಿದ್ದೇವೆ ಎಂದು ನಕ್ಷತ್ರ ನೋಡಿ ಹೇಳಿದವನು ವಿಲಿಯಂ ಲ್ಯಾಂಬ್ಟನ್, ಮುಂದೆ 1802ರಲ್ಲಿ ಮದರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೆ ಶುರುಮಾಡಿದವನು. ಜನರಲ್ ಮೊದಲು ರೇಗಿದನಂತೆ. ದಿಕ್ಸೂಚಿ ನೋಡಿದರೆ ಲ್ಯಾಂಬ್ಟನ್ ಮಾತೇ ಸರಿ. ಆವತ್ತು ನಮ್ಮ ಬೀದಿಯ ಎಲ್‌ಇಡಿ ದೀಪವೊಂದು ಅಲ್ಲಿದ್ದಿದ್ದರೆ ಟಿಪ್ಪುವಿನ ಕೈಗೆ ಒಬ್ಬ ಜನರಲ್ ಸಿಕ್ಕುತ್ತಿದ್ದ.

ಧ್ರುವ ಕೈಕೊಟ್ಟರೂ ನೆತ್ತಿ ಕೈಬಿಟ್ಟಿಲ್ಲ. 2019ರ ಏಪ್ರಿಲ್‌ನಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಬಂತಲ್ಲ, ಕೆಂಪು ಉದ್ದಿನವಡೆಯಂಥದು, ಆ ಎಂ87 ಗೆಲಾಕ್ಸಿ ಶ್ರೀರಂಗಪಟ್ಟಣದ ನೆತ್ತಿಯ ಮೇಲೇ ಹಾದುಹೋಗುತ್ತದೆ. ತಪ್ಪಿದರೆ ಚಂದ್ರನ ಅಗಲದಷ್ಟೂ ಇಲ್ಲ. ಏಪ್ರಿಲ್ ಕೊನೆಗೆ ರಾತ್ರಿ ಹತ್ತೂವರೆ ಸುಮಾರಿಗೆ. ಅಲ್ಲಿಗೆ ತೆಂಗಿನ ಗರಿ ಮುಟ್ಟುವುದಿಲ್ಲ. ಆದರೆ ನನ್ನ ಟ್ರೈಪಾಡು ಅಷ್ಟು ಕತ್ತೆತ್ತುವುದಿಲ್ಲ. ನಾಗಮಂಗಲದ ರಾಗಿ ಚೀಲವನ್ನು ನೆಲಕ್ಕೆ ಹಾಕಿ, ಮಧ್ಯೆ ಗುಳಿ ಮಾಡಿ, ಕ್ಯಾಮೆರಾವನ್ನು ಅಂಗಾತ ಮಲಗಿಸಿದೆ. ರಾಗಿ ಸುತ್ತಲೂ ಕೂತು ಅಲುಗದಂತೆ ಹಿಡಿದುಕೊಂಡಿತು. ಬೆಳಗ್ಗೆ ಪೇರಿಸಿ ನೋಡಿದರೆ, ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ್ದು, ಒಂದು ಮಸುಕು ಚುಕ್ಕೆ.

ಅಜ್ಜಿಗೆ ತೋರಿಸಿದೆ. "ಇದೇನಾ?" ಎಂದು ಮರ್ಯಾದೆಗೆ ಎರಡು ಸಲ ನೋಡಿ, ಮೊಬೈಲು ವಾಪಸು ಕೊಟ್ಟರು. ಆಮೇಲೆ ಚೀಲದೊಳಗೆ ಕೈಯಿಟ್ಟು, ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ, ಬಿಸಿಲಿಗೆ ಹಿಡಿದರು.

"ರಾಗಿ ವೈನಾಗದೆ ಕಣಪ್ಪ. ಎಲ್ಲಿದು? ನಮ್ಗೂ ನಾಕ್ ಸೇರು ತರ್ಸ್ಕೊಡು."