ನಾನು ಬಿಟ್ಟುಬಂದ ಪಂದ್ಯ

ಶಾಲಾ ತಂಡದಲ್ಲಿ ಎರಡು ಸಲ ಸೊನ್ನೆಗೆ ಔಟಾದ ಮೊಮ್ಮಗ ಬ್ಯಾಟನ್ನು ಮೂಲೆಗೆಸೆದಿದ್ದ. ಮೊನ್ನೆ ಅವನೊಂದಿಗೆ ಬೆಂಗಳೂರಿನ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಲ್ಲಿ ಇಳಿದೆ. ಹತ್ತಿರದಲ್ಲೇ ಚಿನ್ನಸ್ವಾಮಿ ಕ್ರೀಡಾಂಗಣ. ಗೇಟು ಮುಚ್ಚಿತ್ತು. ಹೊರಗಿನಿಂದಲೇ ದೀಪದ ಕಂಬಗಳನ್ನು ತೋರಿಸುತ್ತ ಕತೆ ಹೇಳಿದೆ.

2011ರ ಮಾರ್ಚ್ 2, ವಿಶ್ವಕಪ್ ಪಂದ್ಯ. ಇಂಗ್ಲೆಂಡ್ 327 ರನ್ ಗಳಿಸಿತ್ತು. ಪುಟ್ಟ ಐರ್ಲೆಂಡಿನ ನಾಯಕ ಮೊದಲ ಎಸೆತಕ್ಕೇ ಔಟ್! 111 ರನ್ನಿಗೆ 5 ವಿಕೆಟ್ ಬಿದ್ದವು. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗುವ ತನಕ ಕುರ್ಚಿ ಬಿಡದ ನಾನು ಅಂದು ಮಾತ್ರ ‘ಇನ್ನೇನಿದೆ’ ಎಂದು ಎದ್ದು ಬಸ್ಸು ಹಿಡಿದೆ.

ಮನೆಯಲ್ಲಿ ಟಿವಿ ಹಾಕಿದರೆ, ಕೂದಲಿಗೆ ಗುಲಾಬಿ ಬಣ್ಣ ಹಚ್ಚಿಕೊಂಡಿದ್ದ ಕೆವಿನ್ ಒಬ್ರಿಯಾನ್ 50 ಎಸೆತಗಳಲ್ಲೇ ಶತಕ ಹೊಡೆದಿದ್ದ! ವಿಶ್ವಕಪ್ಪಿನಲ್ಲಿ ಅಲ್ಲಿಯವರೆಗೆ ಅದೇ ಅತಿವೇಗದ ಶತಕ. ಅಲೆಕ್ಸ್ ಕ್ಯುಸಾಕ್ ಜೊತೆ ಸೇರಿ 162 ರನ್ ಕೂಡಿಸಿದ್ದ. ಇನ್ನೂ 5 ಎಸೆತ ಉಳಿದಿರುವಾಗಲೇ ಐರ್ಲೆಂಡ್ ಗೆದ್ದಿತು.

“ಟಿಕೆಟ್ ಇದ್ದೂ ನೀವು ನೋಡ್ಲಿಲ್ವಾ ತಾತ?”

“ಇಲ್ಲ ಕಣೋ. ಆಡೋರು ಸೋಲು ಒಪ್ಪಿರಲಿಲ್ಲ. ನೋಡ್ತಾ ಕೂತಿದ್ದ ನಾನೇ ಒಪ್ಪಿಕೊಂಡುಬಿಟ್ಟೆ.”

ಅವನು ನಕ್ಕ. ಮರಳುವಾಗ ಮೆಟ್ರೊದಲ್ಲಿ ಮೆಲ್ಲಗೆ ಕೇಳಿದ: “ನಾಳೆ ಬೆಳಿಗ್ಗೆ ನನಗೆ ಬೌಲಿಂಗ್ ಹಾಕ್ತೀರಾ?”