ರಾಕೆಟ್ಟಿನ ಟಂಕಾರ

ಹೆದೆಯನ್ನು ಬಿಗಿದಷ್ಟೂ ಬಾಣವು ದೂರ ಹೋಗುವುದೆಂಬ ನಂಬಿಕೆಯು ನಮ್ಮಲ್ಲಿ ಬಹು ಹಳೆಯದು. ಗಾಂಡೀವದ ಟಂಕಾರವನ್ನು ಗಮಕಿಗಳ ಬಾಯಿಂದ ಕೇಳಿ ಬೆಳೆದವರು ಟೆನ್ನಿಸ್ ರಾಕೆಟ್ಟಿನ ತಂತಿಗೂ ಅದೇ ನ್ಯಾಯವನ್ನು ಹಚ್ಚಿದರೆ ಆಶ್ಚರ್ಯವೇನೂ ಇಲ್ಲ. ಮೈಸೂರಿನಲ್ಲಿ ಓದುತ್ತಿರುವ ನನ್ನ ತಮ್ಮನ ಮಗಳೂ ಹಾಗೆಯೇ ಮಾಡಿದಳು. 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣನವರು, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ನರೊಡನೆ ಆಸ್ಟ್ರೇಲಿಯನ್ ಓಪನ್ ಜೋಡಿಯಾಟವನ್ನು ಗೆದ್ದ ಮೇಲಂತೂ ಅವಳಿಗೆ ಟೆನ್ನಿಸಿನ ಹೊರತು ಬೇರೆ ಮಾತೇ ಇಲ್ಲ. ಹೊಡೆತಕ್ಕೆ ಬಲವೂ ಇರಬೇಕು, ಕೈಗೆ ಚುರುಕಾದ ಸ್ಪರ್ಶವೂ ಸಿಗಬೇಕು ಎಂದು ಕೇಳಿದ್ದಕ್ಕೆ ಅಂಗಡಿಯವರೊಬ್ಬರು ಪಾಲಿಯೆಸ್ಟರ್ ತಂತಿಯನ್ನು 58 ಪೌಂಡು ಬಿಗಿಯಲ್ಲಿ ಹಾಕಿಕೊಟ್ಟರು. ಟಂಕಾರವೇನೋ ಬಂದಿತು. ಎರಡು ತಿಂಗಳಲ್ಲಿ ಮೊಣಕೈ ನೋವೂ ಬಂದಿತು. ಬೇಸಿಗೆಯ ರಜೆಗೆ ಶಿರಂಗಾಲಕ್ಕೆ ಬಂದವಳು ಊಟದ ಪಂಕ್ತಿಯಲ್ಲಿ ಸಾರಿನ ಪಾತ್ರೆಯನ್ನು ಎಡಗೈಗೆ ಬದಲಾಯಿಸಿಕೊಳ್ಳುವುದನ್ನು ಕಂಡು ನಾನು ಈ ತಂತಿಯ ಶಾಸ್ತ್ರವನ್ನು ವಿಚಾರಿಸತೊಡಗಿದೆನು.

ಬಿಲ್ಲಿಗೂ ರಾಕೆಟ್ಟಿಗೂ ಇರುವ ಭೇದವು ಇಲ್ಲಿಯೇ ಇದೆ. ಬಿಲ್ಲಿನಲ್ಲಿ ಹೆದೆಯನ್ನು ಸೆಳೆಯುವವನು ಬಿಲ್ಲುಗಾರ. ರಾಕೆಟ್ಟಿನಲ್ಲಿ ತಂತಿಯನ್ನು ಸೆಳೆಯುವುದು ಚೆಂಡು. ಅದಕ್ಕೆ ದೊರೆಯುವ ಅವಕಾಶವಾದರೂ ಸೆಕೆಂಡಿನ ಸಾವಿರದಲ್ಲಿ ಸುಮಾರು ಐದು ಭಾಗ ಮಾತ್ರ. ಅಷ್ಟರಲ್ಲಿ ಚೆಂಡೂ ಚಪ್ಪಟೆಯಾಗುವುದು, ತಂತಿಯೂ ಬಾಗುವುದು. ತಂತಿಯು ತಾನು ಪಡೆದ ಶಕ್ತಿಯಲ್ಲಿ ಹತ್ತಕ್ಕೆ ಒಂಬತ್ತರಷ್ಟನ್ನು ಹಿಂದಕ್ಕೆ ಕೊಡುವ ಪ್ರಾಮಾಣಿಕ ಸಾಲಗಾರ. ಚೆಂಡು ಹಾಗಲ್ಲ. ಆಟದ ನಿಯಮದಂತೆ 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲದ ಮೇಲೆ ಬಿಟ್ಟ ಚೆಂಡು ಸಾಧಾರಣವಾಗಿ 135ರಿಂದ 147 ಸೆಂಟಿಮೀಟರ್ ಮೇಲಕ್ಕೆ ಪುಟಿಯಬೇಕು. ಎಂದರೆ ಅರ್ಧಕ್ಕೆ ಸ್ವಲ್ಪವೇ ಕಡಿಮೆಯಾದ ಶಕ್ತಿಯನ್ನು ಅದು ನುಂಗಿಬಿಡುತ್ತದೆ. ತಂತಿಯನ್ನು ಕಲ್ಲಿನಂತೆ ಬಿಗಿದರೆ ಚಪ್ಪಟೆಯಾಗುವ ಕೆಲಸವೆಲ್ಲ ಚೆಂಡಿನ ಪಾಲಿಗೆ ಬೀಳುವುದು. ಸಡಿಲಿಸಿದರೆ ತಂತಿಯೇ ಅದರ ಒಂದು ಪಾಲನ್ನು ವಹಿಸಿಕೊಳ್ಳುವುದು. ಆದುದರಿಂದ ಬಲ ಬೇಕೆಂಬವರು ಬಿಗಿಯನ್ನು ಇಳಿಸಬೇಕೇ ಹೊರತು ಏರಿಸಬಾರದು. ಇದರಿಂದ ವೇಗದಲ್ಲಿ ದೊರೆಯುವ ಲಾಭವು ಅಲ್ಪವೇ. ಆದರೆ ಚೆಂಡು ಕೊಂಚ ಎತ್ತರಕ್ಕೆ ಹೊರಟು ಅಂಗಣದ ಹಿಂಗೆರೆಯ ಸಮೀಪಕ್ಕೆ ಬೀಳುವುದರಿಂದ ಆಟಗಾರರು ಅದನ್ನು ಬಲವೆಂದೇ ಅನುಭವಿಸುತ್ತಾರೆ.

ಹಾಗಾದರೆ ಟಂಕಾರದ ಗತಿಯೇನು? ಅದು ಬಿಗಿಯಾದ ತಂತಿಯ ಗುಣ. ತಂಬೂರಿಯ ಬಿರಟೆಯನ್ನು ತಿರುಗಿಸಿದವರಿಗೆಲ್ಲ ಇದು ಗೊತ್ತು. ಹೀಗೆ ಅವಳು ಕೇಳಿದ ಎರಡು ವರಗಳು ಒಂದನ್ನೊಂದು ಎಳೆದಾಡುತ್ತಿದ್ದವು.

ಪಾಲಿಯೆಸ್ಟರಿನ ಕೀರ್ತಿಯು ಹರಡಿದುದು ಬ್ರೆಜಿಲಿನ ಗುಸ್ತಾವೊ ಕುಯೆರ್ಟನ್ನರು 1997ರಲ್ಲಿ ಬೆಲ್ಜಿಯಮ್ಮಿನ ಲಕ್ಸಿಲಾನ್ ತಂತಿಯಿಂದ ಫ್ರೆಂಚ್ ಓಪನ್ ಗೆದ್ದ ಬಳಿಕ. ಅದು ಜಾರಿ ಮರಳಿ ತನ್ನ ಸ್ಥಾನಕ್ಕೆ ಚಿಮ್ಮುವುದರಿಂದ ಚೆಂಡಿಗೆ ಸುತ್ತು ಹೆಚ್ಚುತ್ತದೆ. ಆದರೆ ಅದು ಈಗಾಗಲೇ ಬಲವುಳ್ಳವರಿಗೆ ಹಾಕುವ ಕಡಿವಾಣ; ಬಲವಿಲ್ಲದವರಿಗೆ ಕೊಡುವ ಟಾನಿಕ್ಕಲ್ಲ. ಒರಟಾದ ಆ ತಂತಿಯು ತಾನು ತಾಳದ ಪೆಟ್ಟನ್ನು ತೋಳಿಗೆ ಕಳುಹಿಸುವುದು. ತುಂಡಾಗದೆಯೇ ಬೇಗನೆ ಸತ್ವಗುಂದುವುದು ಅದರ ಇನ್ನೊಂದು ಕಪಟ. ತಂತಿಗಳ ನಡುವೆ ಸಿಕ್ಕಿಸುವ ರಬ್ಬರಿನ ಗುಂಡಿಯು ಸದ್ದನ್ನು ತಗ್ಗಿಸೀತು, ಮೊಣಕೈಯನ್ನು ಕಾಯಲಾರದು.

ಎರಡು ವರಗಳನ್ನೂ ಬಹುಮಟ್ಟಿಗೆ ಒಟ್ಟಿಗೆ ಕೊಡುವ ತಂತಿ ಇಲ್ಲದೆ ಇಲ್ಲ. 1875ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಬಬೋಲಾ ಮನೆತನದವರು ಮಾಡಿದ ಕರುಳಿನ ತಂತಿಯೇ ಅದು. ಇಂದು ಅದನ್ನು ಹಸುವಿನ ಕರುಳಿನ ಎಳೆಗಳನ್ನು ಹೊಸೆದು ಮಾಡುತ್ತಾರೆ. ಈ ಮಾತು ನಮ್ಮ ಜಗಲಿಯಲ್ಲಿ ಬಿದ್ದೊಡನೆ ನನ್ನ ತಾಯಿಯವರು ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. “ಮೃದಂಗದ ಚರ್ಮ ಎಲ್ಲಿಂದ ಬಂತಜ್ಜಿ?” ಎಂದಳು ಹುಡುಗಿ. “ಅದು ದೇವರ ಮುಂದೆ ನುಡಿಯುತ್ತದೆ. ನಿನ್ನದು ಯಾರ ಮುಂದೆ?” ಎಂದರು ಅವರು. ತರ್ಕದಲ್ಲಿ ಮೊಮ್ಮಗಳೇ ಗೆದ್ದಳೆಂದು ನನ್ನ ಮತ. ಆದರೆ ಎಂಬತ್ತಾರು ವರ್ಷದವರ ಊಟ ಕೆಡಿಸಿ ಗೆಲ್ಲುವ ಆಟವು ನನಗೆ ಬೇಡವೆನಿಸಿತು. ಕರುಳಿನ ತಂತಿಯ ಬೆಲೆಯೂ ನೈಲಾನಿನ ಹಲವು ಮಡಿ. ತೇವವಂತೂ ಅದರ ಶತ್ರು. ಕಾವೇರಿಯು ಕೊಡಗನ್ನು ಬಿಟ್ಟು ಹೋಗುವ ಈ ಅಂಚಿನ ನಮ್ಮೂರು ಭಾಗಮಂಡಲದಷ್ಟು ಮಳೆ ಕಾಣದಿದ್ದರೂ ಆಷಾಢದಲ್ಲಿ ಇಲ್ಲಿಯ ಹಪ್ಪಳವೇ ಮೆತ್ತಗಾಗುವುದು.

ಕಡೆಗೆ ನೈಲಾನಿನ ನೂರಾರು ಸೂಕ್ಷ್ಮ ಎಳೆಗಳನ್ನು ಕೂಡಿಸಿ ಮಾಡಿದ ಮೃದುವಾದ ತಂತಿಯನ್ನು ಗೊತ್ತುಮಾಡಿದೆವು. ಟಂಕಾರದ ಆಸೆಯನ್ನು ಪೂರ್ತಿ ಬಿಡಲಾರದೆ 1.30 ಮಿಲಿಮೀಟರಿಗೆ ಬದಲು 1.25ರ ತೆಳುವನ್ನು ಆರಿಸಿದೆವು. ತೆಳುವಾದುದು ಬೇಗ ತುಂಡಾದರೂ ಸ್ಪರ್ಶದಲ್ಲಿ ಚುರುಕು. ಬಿಗಿ 50 ಪೌಂಡು. ವೈದ್ಯರು ಹೇಳಿದಂತೆ ಆರು ವಾರ ರಾಕೆಟ್ಟನ್ನು ಮುಟ್ಟದೆ ಇದ್ದು ಆಮೇಲೆ ಆಟಕ್ಕಿಳಿದಳು.

ಮೊದಲ ವಾರ ಫೋನಿನಲ್ಲಿ ದೂರೇ ದೂರು: ಸದ್ದು ತಮಟೆಯಂತಿದೆ, ಚೆಂಡು ಗೆರೆ ದಾಟಿ ಹೋಗುತ್ತಿದೆ. ಮುಂದಿನ ಸಲ ಎರಡು ಪೌಂಡು ಏರಿಸೆಂದೆನು. 52ಕ್ಕೆ ಚೆಂಡು ಗೆರೆಯೊಳಗೆ ನಿಂತಿತು. ತನಗಿಂತ ದೊಡ್ಡ ಹುಡುಗಿಯೊಬ್ಬಳನ್ನು ಹಿಂಗೆರೆಗೆ ಅಟ್ಟಿ ಆಡಿಸಿದ ಕಥೆಯನ್ನು ಅರ್ಧ ಗಂಟೆ ಹೇಳಿದಳು. ಮೊಣಕೈಯ ಮಾತನ್ನು ನಾನೇ ಎತ್ತಬೇಕಾಯಿತು. “ಓ, ಅದೋ!” ಎಂದು ಮತ್ತೆ ಆಟದ ಕಥೆಗೇ ಹೊರಳಿದಳು.