ಮಿತ್ರಭಾವದ ಹೆದ್ದಾರಿ

ಕಾಶಿಗೆ ಹೋಗಿ ಬಂದವನನ್ನು ಕಂಡರೆ ನಮ್ಮೂರ ಜನ ಕೈಮುಗಿಯುತ್ತಾರೆ. ಪಂಢರಪುರಕ್ಕೆ ಹೋಗಿ ಬಂದವನನ್ನು ಕಂಡರೆ ಪ್ರಸಾದವೆಲ್ಲಿ ಎಂದು ಕೈನೀಡುತ್ತಾರೆ. ಬ್ಯಾಂಕಾಕಿಗೆ ಹೋಗಿ ಬಂದವನನ್ನು ಕಂಡರೆ ಮಾತ್ರ ಕಣ್ಣು ಮಿಟುಕಿಸುತ್ತಾರೆ. ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಿನ ಓಣಿಯಲ್ಲಿ ಹುಟ್ಟಿ ಬೆಳೆದು, ಇದೇ ಊರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿರುವ ನನಗೆ ಈ ಮೂರನೆಯ ಬಗೆಯ ಸ್ವಾಗತವು 2019ರ ಬೇಸಗೆಯಲ್ಲಿ ದೊರೆಯಿತು. ಚಹದ ಬಟ್ಟಲು ಕೈಗೆ ಬರುವ ಮೊದಲೇ ಪ್ರಶ್ನೆ ಬಂದಿತು: “ಏನ್ರೀ ಸರ, ಬ್ಯಾಂಕಾಕಿಗಿ ಹೋಗಿ ಬಂದ್ರಂತಲ್ಲ! ಏನೇನ ನೋಡಿದ್ರಿ?”

“ಒಬ್ಬ ಗೆಳೆಯನನ್ನ ನೋಡಿ ಬಂದೆ” ಎಂದೆ. ಅಂಗಡಿಯಲ್ಲಿದ್ದವರೆಲ್ಲರೂ ನಕ್ಕರು. ಆ ಉತ್ತರದಲ್ಲಿ ನಗುವಂಥದು ಏನೂ ಇರಲಿಲ್ಲ. ಏಕೆ ಇರಲಿಲ್ಲವೆಂಬುದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲೇ ಒಂದು ಮಾತು ಹೇಳಿಬಿಡುವುದು ಲೇಸು. ನಾನು ಗಂಡಸರನ್ನು ಪ್ರೀತಿಸುವ ಗಂಡಸು. ಇಂಥವರಿಗೆ ನಮ್ಮ ಪತ್ರಿಕೆಗಳು ಟಂಕಿಸಿಕೊಟ್ಟ ಶಬ್ದ ‘ಸಲಿಂಗಕಾಮಿ’ ಎಂಬುದು. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ದೋಷವಿಲ್ಲ. ಆದರೆ ಮನುಷ್ಯನೊಬ್ಬನ ಇಡಿಯ ಬಾಳನ್ನು ಕಾಮವೆಂಬ ಒಂದೇ ಗೂಟಕ್ಕೆ ಕಟ್ಟಿಹಾಕುವ ಸಮಾಸವದು. ಹೆಂಡತಿಯನ್ನು ಪ್ರೀತಿಸುವವನನ್ನು ಯಾರೂ ‘ಭಿನ್ನಲಿಂಗಕಾಮಿ’ ಎಂದು ಕರೆಯುವುದಿಲ್ಲ, ಸಂಸಾರಸ್ಥನೆನ್ನುತ್ತಾರೆ. ಹೀಗಾಗಿ ನಮ್ಮಂಥವರಿಗೆ ಸ್ನೇಹವೆಂಬುದೂ ಉಂಟು, ಊಟ, ಜಗಳ, ಸಾಲ, ಸಂತಾಪಗಳೂ ಉಂಟು ಎಂಬುದನ್ನು ಜನರಿಗೆ ನೆನಪು ಮಾಡಿಕೊಡಬೇಕಾಗುತ್ತದೆ. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಪ್ರಕಟವಾದಾಗ ನಾನು ಅದನ್ನು ಬಾಗಿಲು ಹಾಕಿಕೊಂಡು ಓದಿದೆ. ಅದರ ನಾಯಕನು ಒಂದು ಕತೆಯಲ್ಲಿ ಕಿಲಿಮಂಜಾರೋ ಪರ್ವತವನ್ನು ಹತ್ತಹೊರಡುತ್ತಾನೆ. ಅಷ್ಟು ಎತ್ತರ ಹತ್ತುವ ದಮ್ಮು ನನಗಿರಲಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಇಂಗ್ಲಿಷರು 1860ರಲ್ಲಿ ಬರೆದಿಟ್ಟ 377ನೆಯ ಕಲಮಿನ ಹೊರೆಯನ್ನು ನಮ್ಮ ತಲೆಯಿಂದ ಇಳಿಸಿತು. ಅದರ ಮರುಬೇಸಗೆಯ ರಜೆಯಲ್ಲಿ ನಾನು ವಿಮಾನ ಹತ್ತಿದೆ.

ಬ್ಯಾಂಕಾಕಿನಲ್ಲಿ ಕಣ್ಣು ಮಿಟುಕಿಸುವವರು ಹೇಳುವ ಪೇಟೆಯಿಲ್ಲವೆಂದು ನಾನು ವಾದಿಸಲಾರೆ. ಇದೆ. ಅಲ್ಲಿ ನಗೆಗೂ ಬೆಲೆಯುಂಟು. ಹಣವುಳ್ಳ ಪ್ರವಾಸಿ, ಹಣವಿಲ್ಲದ ಸ್ಥಳೀಯ — ಇವರ ನಡುವೆ ಹುಟ್ಟುವ ಸಲಿಗೆಯಲ್ಲಿ ಸ್ನೇಹವೆಷ್ಟು, ವ್ಯಾಪಾರವೆಷ್ಟು ಎಂದು ಯಾವ ತಕ್ಕಡಿ ತೂಗಬಲ್ಲದು? ಈ ಪ್ರಶ್ನೆ ನನ್ನದೂ ಆಗಿದ್ದಿತು, ಹಳೆಯದೂ ಆಗಿದ್ದಿತು.

ಎಷ್ಟು ಹಳೆಯದೆಂಬುದಕ್ಕೆ ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರರ ಬಾಳೇ ಸಾಕ್ಷಿ. 1906ರಲ್ಲಿ ಅವರು ಸಯ್ಯದ್ ರಾಸ್ ಮಸೂದ್ ಎಂಬ ಭಾರತೀಯ ತರುಣನಿಗೆ ಲ್ಯಾಟಿನ್ ಹೇಳಿಕೊಡಲು ನೇಮಕಗೊಂಡರು; ಶಿಷ್ಯನ ಮೇಲೆ ಅವರಿಗೆ ಪ್ರೇಮ ಹುಟ್ಟಿತು. ಮಸೂದರಿಂದ ಆ ಬಗೆಯ ಪ್ರೇಮ ಮರಳಿ ಬರಲಿಲ್ಲ, ಬಂದದ್ದು ಸ್ನೇಹ. ಅದು 1937ರಲ್ಲಿ ಮಸೂದರು ತೀರಿಕೊಳ್ಳುವವರೆಗೂ ಬಾಡಲಿಲ್ಲ. ಫಾರ್ಸ್ಟರರು 1912ರಲ್ಲಿ ಹಡಗು ಹತ್ತಿ ಭಾರತಕ್ಕೆ ಬರಲು ಆ ಗೆಳೆತನವೇ ಬಹುಮಟ್ಟಿಗೆ ಕಾರಣ. 1924ರಲ್ಲಿ ‘ಎ ಪ್ಯಾಸೇಜ್ ಟು ಇಂಡಿಯಾ’ ಅರ್ಪಣೆಯಾದದ್ದೂ ಮಸೂದರಿಗೇ. ಈ ಮಸೂದರು ನಮಗೆ ತೀರ ಪರಕೀಯರಲ್ಲ. ಹೈದರಾಬಾದು ಸಂಸ್ಥಾನದ ವಿದ್ಯಾಖಾತೆಯ ನಿರ್ದೇಶಕರಾಗಿ ಅವರು ದುಡಿದ ಕಾಲದಲ್ಲಿ, ಕಲಬುರ್ಗಿ, ಬೀದರ, ರಾಯಚೂರುಗಳ ಕನ್ನಡ ಮಕ್ಕಳ ಶಾಲೆಗಳು ಅವರ ಖಾತೆಯವೇ. ಡೇವಿಡ್ ಲೀನರು 1984ರಲ್ಲಿ ಅದೇ ಕಾದಂಬರಿಯನ್ನು ಚಿತ್ರ ಮಾಡಿದಾಗ ಅದರ ಗುಹೆಗಳ ದೃಶ್ಯಕ್ಕೆ ಬಂಡೆ ಒದಗಿಸಿದ್ದು ನಮ್ಮ ಸಾವನದುರ್ಗ.

ಆ ಕಾದಂಬರಿಯ ಕೊನೆಯಲ್ಲಿ ಭಾರತೀಯ ಅಜೀಜ್ ಮತ್ತು ಇಂಗ್ಲಿಷ್ ಫೀಲ್ಡಿಂಗರು ಗೆಳೆಯರಾಗಿ ಉಳಿಯಲು ಬಯಸುತ್ತಾರೆ. ಅವರ ಕುದುರೆಗಳೇ ಬೇರೆ ಬೇರೆ ದಾರಿ ಹಿಡಿಯುತ್ತವೆ. ಆಳುವವನಿಗೂ ಆಳಿಸಿಕೊಳ್ಳುವವನಿಗೂ ಸಮವಾದ ನೆಲ ಇರಲಿಲ್ಲ. ತನ್ನಂಥವರ ಪ್ರೇಮವನ್ನು ಕುರಿತು ಫಾರ್ಸ್ಟರರು 1913–14ರಲ್ಲಿ ಬರೆದ ‘ಮಾರಿಸ್’ ಕಾದಂಬರಿಯಂತೂ ಅಚ್ಚಾದದ್ದು 1971ರಲ್ಲಿ, ಅವರು ತೀರಿದ ಮರುವರ್ಷ. ಅವರ ಗೆಳೆತನಕ್ಕೆ ಅಡ್ಡ ನಿಂತದ್ದು ಸಾಮ್ರಾಜ್ಯ. ಇಂದಿನ ಪ್ರವಾಸಿಯ ಗೆಳೆತನಕ್ಕೆ ಅಡ್ಡ ನಿಲ್ಲುವುದು ಕಿಸೆ.

ಬ್ಯಾಂಕಾಕಿನ ಸೀಲೋಮ್ ಎಂಬ ದೊಡ್ಡ ಬೀದಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿಯೊಂದಿದೆ. ಅದೇ ಬೀದಿಯ ಸಂದುಗೊಂದುಗಳಲ್ಲಿ ನನ್ನಂಥವರು ಅಂಜಿಕೆಯಿಲ್ಲದೆ ಕೂಡುವ ಸ್ಥಳಗಳೂ ಇವೆ. ಗುಡಿಯನ್ನು ಊರವರು ‘ವಾಟ್ ಖೇಕ್’ ಎನ್ನುತ್ತಾರೆ. ‘ವಾಟ್’ ಎಂದರೆ ಗುಡಿ. ‘ಖೇಕ್’ ಎಂದರೆ ಅತಿಥಿ. ಆದರೆ ಭಾರತದ ಕಡೆಯಿಂದ ಬಂದವರಿಗೆಲ್ಲ ಅದೇ ಹೆಸರು, ಮತ್ತು ಆ ಹೆಸರಿನಲ್ಲಿ ಯಾವಾಗಲೂ ಗೌರವವೇ ಇರುತ್ತದೆಂದು ಹೇಳಲಾಗದು. ನಾಲ್ಕು ತಲೆಮಾರು ಅಲ್ಲಿಯೇ ಬಾಳಿದವನೂ ‘ಖೇಕ್’ನೇ. ಕನ್ನಡದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆಲ್ಲಿ ಸಿಕ್ಕೀತು? ಅತಿಥಿಯೆಂದು ಕರೆದು ಹೊಸ್ತಿಲಾಚೆಯೇ ನಿಲ್ಲಿಸುವುದು ಸಾಧ್ಯವುಂಟು.

ಆ ಗುಡಿಯಿಂದ ತುಸು ದೂರದಲ್ಲಿ ಒಂದು ಚಿಕ್ಕ ಖಾನಾವಳಿ. ಅದನ್ನು ನಡೆಸುತ್ತಿದ್ದವನು ನನ್ನ ವಯಸ್ಸಿನವನು. ಅವನೂ ನನ್ನಂಥವನೇ, ಅವನಿಗಾಗಲೇ ಒಬ್ಬ ಸಂಗಾತಿಯಿದ್ದನು. ನಮ್ಮಿಬ್ಬರ ನಡುವಿನ ಭಾಷೆ ಇಬ್ಬರಿಗೂ ಸಮವಾಗಿ ಹರಿದಿದ್ದ ಇಂಗ್ಲಿಷ್. ಮೊದಲ ದಿನ ಅವನು ನನಗೆ ಕಾಯಿ ಪರಂಗಿಹಣ್ಣನ್ನು ಎಳೆಯಾಗಿ ಹೆರೆದು, ಮೆಣಸಿನಕಾಯಿ, ಬೆಳ್ಳುಳ್ಳಿ, ಶೇಂಗಾ ಹಾಕಿ ಒರಳಿನಲ್ಲಿ ಕುಟ್ಟಿದ ‘ಸೋಮ್ ತಮ್’ ಕೊಟ್ಟನು; ನಾನು ಶಾಕಾಹಾರಿಯೆಂದು ತಿಳಿದು ಮೀನಿನ ರಸವನ್ನು ಬಿಟ್ಟಿದ್ದನು. ರಂಜಕ ತಿಂದು ಬೆಳೆದ ನಾಲಗೆ ಅದನ್ನು ನೆಂಟನಂತೆ ಗುರುತಿಸಿತು. ಮೂರು ದಿನ ಹೋದೆ, ಉಂಡೆ, ಹಣ ಕೊಟ್ಟೆ. ನಾಲ್ಕನೆಯ ದಿನ ಗಿರಾಕಿಗಳು ನೆರೆದಿದ್ದರು. ಅವನು ನನ್ನ ಕೈಗೊಂದು ಪರಂಗಿಕಾಯಿಯನ್ನೂ ಹೆರೆಯುವ ಸಲಕರಣೆಯನ್ನೂ ಕೊಟ್ಟು, ಮುಖ ಕೂಡ ನೋಡದೆ ಒಲೆಯ ಕಡೆಗೆ ತಿರುಗಿದನು. ಅಂದು ನಾನು ಹನ್ನೊಂದು ಕಾಯಿ ಹೆರೆದೆ; ಅಂದು ಅವನು ನನ್ನಿಂದ ಹಣ ತೆಗೆದುಕೊಳ್ಳಲಿಲ್ಲ. ಅತಿಥಿಗೆ ಯಾರೂ ಕೆಲಸ ಹೇಳುವುದಿಲ್ಲ. ಗೆಳೆಯನಿಗೆ ಹೇಳುತ್ತಾರೆ.

2020ರಲ್ಲಿ ಮಹಾಮಾರಿ ಬಂದು ಲೋಕವೆಲ್ಲ ಬಾಗಿಲು ಮುಚ್ಚಿತು. ಅವನ ಖಾನಾವಳಿಯೂ ಮುಚ್ಚಿತು. ಅವನು ಹಳ್ಳಿಗೆ ಮರಳಿದನು. ನನಗೆ ಪಗಾರ ನಿಂತಿರಲಿಲ್ಲ. ಬ್ಯಾಂಕಿನ ಮೂಲಕ ಸ್ವಲ್ಪ ಹಣ ಕಳುಹಿಸಿದೆ. ಅವನು ತೆಗೆದುಕೊಂಡನು, ಸಂಕೋಚದ ಮಾತು ಆಡಲಿಲ್ಲ. 2022ರಲ್ಲಿ ನಾನು ಮತ್ತೆ ಹೋದಾಗ ಒಂದು ಲಕೋಟೆಯನ್ನು ಮುಂದಿಟ್ಟನು. ಕೊಟ್ಟದ್ದು ಕೊಟ್ಟಂತೆಯೇ ಇದ್ದಿತು. ಬೇಡವೆಂದೆ. ಅವನು ಹೇಳಿದನು: “ಗೆಳೆಯನಿಂದ ಸಾಲ ತರಬಹುದು. ದಾನ ತೆಗೆದುಕೊಂಡರೆ ನೀನು ಮತ್ತೆ ಪ್ರವಾಸಿ ಆಗುತ್ತೀ.” ಲಕೋಟೆಯನ್ನು ಕಿಸೆಗೆ ಹಾಕಿಕೊಂಡೆ. ತಕ್ಕಡಿಯ ಪ್ರಶ್ನೆ ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು.

ಆ ಸಲ ಅವನು ನನ್ನನ್ನು ತನ್ನ ಹಳ್ಳಿಗೆ ಕರೆದೊಯ್ದನು. ಥಾಯ್ಲೆಂಡಿನ ಈಶಾನ್ಯ ಭಾಗಕ್ಕೆ ‘ಈಸಾನ್’ ಎಂದು ಹೆಸರು. ನಮ್ಮ ಈಶಾನ ಶಬ್ದವೇ ಅದು, ಆ ದಿಕ್ಕಿಗೆ ಒಡೆಯನಾದ ಶಿವನ ಹೆಸರು. ಅಲ್ಲಿಗೆ ಹೋಗುವ ಹೆದ್ದಾರಿಯ ಹೆಸರು ‘ಮಿತ್ರಫಾಪ್’. ಬಸ್ಸಿನಲ್ಲಿ ಕುಳಿತು ಆ ಶಬ್ದವನ್ನು ಎರಡು ಸಲ ಉಚ್ಚರಿಸಿದೆ, ಹೊಳೆಯಿತು: ಮಿತ್ರಭಾವ! ಅಮೆರಿಕದ ನೆರವಿನಿಂದ 1950ರ ದಶಕದಲ್ಲಿ ಅದರ ಕೆಲಸ ಪ್ರಾರಂಭವಾಯಿತು. ಇಂದು ಅದು ನಖೋನ್ ರಾಚಸೀಮಾ, ಖೋನ್ ಕೇನ್, ಉಡೋನ್ ಥಾನಿಗಳನ್ನು ಹಾಯ್ದು ಲಾವೋಸಿನ ಗಡಿಯವರೆಗೆ ಹೋಗುತ್ತದೆ. ಸೈನ್ಯದ ಲಾಭನಷ್ಟ ಲೆಕ್ಕಹಾಕಿ ಕಟ್ಟಿದ ದಾರಿಗೂ ಮಿತ್ರಭಾವವೆಂದು ಹೆಸರಿಟ್ಟರು. ಆದರೂ ದಾರಿ ದಾರಿಯೇ. ಅದರ ಮೇಲೆ ಯಾರು ಬೇಕಾದರೂ ಯಾರ ಮನೆಗೆ ಬೇಕಾದರೂ ಹೋಗಬಹುದು.

ಕಿಟಕಿಯಾಚೆಗೆ ನೋಡಿದರೆ ನಮ್ಮ ನಾಡಿನದೇ ಬಾಳು. ಮಳೆಯನ್ನು ನಂಬಿ ಕೆಟ್ಟ ಹೊಲಗಳು. ದುಡಿಯಲು ರಾಜಧಾನಿಗೆ ಹೋದ ಮಕ್ಕಳು. ನಮ್ಮವರು ಗೋವೆಗೂ ಪುಣೆಗೂ ಹೋದಂತೆ ಅವರು ಬ್ಯಾಂಕಾಕಿಗೆ ಹೋಗುತ್ತಾರೆ. ಅವರ ಮಾತು ಲಾವೋ ಭಾಷೆಗೆ ಹತ್ತಿರ. ಬ್ಯಾಂಕಾಕಿನವರು ಅದನ್ನು ಕೇಳಿ ನಗುತ್ತಾರೆ. ನಮ್ಮ ‘ಹೋಗೂಣು ಬರ್ರಿ’ ಕೇಳಿ ಬೆಂಗಳೂರಿನವರು ನಕ್ಕಂತೆಯೇ ಆ ನಗೆ. ಹಳ್ಳಿಯ ಮನೆಯಲ್ಲಿ ಅವನ ತಾಯಿ ನನ್ನ ಮಣಿಕಟ್ಟಿಗೆ ಬಿಳಿಯ ನೂಲು ಕಟ್ಟಿ, ಅದನ್ನು ಬೆರಳಿನಿಂದ ಸವರುತ್ತ ಏನೋ ಹರಸಿದಳು. ಆ ಸೀಮೆಯ ಹಿರಿಯರು ದೂರದಿಂದ ಬಂದವರ ಜೀವ ಚದುರದಿರಲೆಂದು ಕಟ್ಟುವ ಕಂಕಣವದು. ಆಡಿದ ಮಾತಿನಲ್ಲಿ ‘ಲೂಕ್’ ಎಂಬ ಶಬ್ದ ಮೂರು ನಾಲ್ಕು ಸಲ ಬಂದಿತು. ಹಾಗೆಂದರೇನೆಂದು ಅವನನ್ನು ಕೇಳಿದೆ. “ಮಗ” ಎಂದನು. ‘ಖೇಕ್’ ಎಂಬುದರಿಂದ ‘ಲೂಕ್’ ಎಂಬಲ್ಲಿಗೆ ಬರಲು ನನಗೆ ಮೂರು ವರ್ಷ ಹಿಡಿದಿತ್ತು. ನಮ್ಮ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು, ಬಂದವನನ್ನು ಯಾರವನೆಂದು ಕೇಳದೆ ಮನೆಯ ಮಗನೆಂದು ಎಣಿಸಬೇಕೆಂದು ಎಂಟುನೂರು ವರ್ಷಗಳ ಹಿಂದೆಯೇ ಹೇಳಿಹೋದರು. ಆ ವಚನವನ್ನು ನಾನು ವರ್ಷ ವರ್ಷ ಪಾಠ ಮಾಡುತ್ತೇನೆ. ಅದರ ಅನುಭವವನ್ನು ಮಾಡಿಕೊಟ್ಟವಳು ಕನ್ನಡದ ಹೆಸರನ್ನೂ ಕೇಳದ ಒಬ್ಬ ಮುದುಕಿ.

ಇಷ್ಟರಿಂದ ಆ ದೇಶ ಸ್ವರ್ಗವೆಂದು ತಿಳಿಯಬಾರದು. ಅಲ್ಲಿಯೂ ತಂದೆಯಾದವನು ಅವನೊಡನೆ ಆರು ವರ್ಷ ಮಾತಾಡಿರಲಿಲ್ಲ. ಆದರೆ ಅಲ್ಲಿ ಕಾನೂನು ಮುಂದೆ ಬಂದಿತು. 2025ರ ಜನವರಿ 23ರಿಂದ ಇಬ್ಬರು ಗಂಡಸರಾಗಲಿ ಇಬ್ಬರು ಹೆಂಗಸರಾಗಲಿ ಮದುವೆಯನ್ನು ದಾಖಲಿಸಬಹುದೆಂದಾಯಿತು; ಆಗ್ನೇಯ ಏಷ್ಯದಲ್ಲಿ ಇದೇ ಮೊದಲು. ನಮ್ಮಲ್ಲಿ ಸುಪ್ರೀಂ ಕೋರ್ಟು ಅಂಥ ಹಕ್ಕನ್ನು ಕೊಡಲು 2023ರ ಅಕ್ಟೋಬರ್ 17ರಂದು ಒಪ್ಪಲಿಲ್ಲ.

ಅದೇ ಜನವರಿಯ ಸಂಕ್ರಾಂತಿಗೆ ಅವನು ನಮ್ಮೂರಿಗೆ ಬಂದನು. ಅವರ ಹೊಸವರ್ಷದ ‘ಸೊಂಗ್‌ಕ್ರಾನ್’ ಕೂಡ ಸಂಕ್ರಾಂತಿಯೇ; ಸೂರ್ಯನು ಮೇಷಕ್ಕೆ ಹೋಗುವಾಗ, ಏಪ್ರಿಲ್ಲಿನಲ್ಲಿ ಬರುತ್ತದೆ. ಸಿದ್ಧೇಶ್ವರ ಜಾತ್ರೆಯ ನಂದಿಧ್ವಜಗಳನ್ನು ಹೊತ್ತವರ ಹಿಂದೆ ಅವನು ಓಣಿ ಓಣಿ ಸುತ್ತಿದನು. ತೊರವಿಯ ದನಗಳ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಿ ರೈತರಿಂದ ಭಲೆ ಎನ್ನಿಸಿಕೊಂಡನು. ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ನನ್ನನ್ನು ಒಂದು ಬದಿಗೆ ಕುಳ್ಳಿರಿಸಿ, ತಾನು ಎದುರು ಬದಿಗೆ ಹೋಗಿ ಗೋಡೆಗೆ ಬಾಯಿಟ್ಟು ಕೇಳಿದನು: “ನಿನ್ನ ತಾಯಿಗೆ ಹೇಳಿದ್ದೀಯಾ?” ಗುಟ್ಟಿನ ಮಾತಿಗೆ ಅದಕ್ಕಿಂತ ಕೆಟ್ಟ ಸ್ಥಳ ಈ ಭೂಮಿಯ ಮೇಲೆ ಇರಲಾರದು. ನಡುವೆ ಸಾಲೆಯ ಹುಡುಗರ ಕೂಗಾಟವಿದ್ದುದರಿಂದ ನಾನು ಉತ್ತರ ಕೊಡದೆ ಪಾರಾದೆ.

ಅವ್ವನಿಗೆ ಅವನ ಹೆಸರು ನಾಲಗೆಯ ಮೇಲೆ ನಿಲ್ಲಲಿಲ್ಲ. ಈಸಾನಿನವನೆಂದು ಹೇಳಿದೆ; ಅಂದಿನಿಂದ ಅವನು ‘ಈಶಪ್ಪ’ನಾದನು. ಹೊರಡುವ ಹಿಂದಿನ ರಾತ್ರಿ ಶೇಂಗಾ ಹೋಳಿಗೆ ಬೇಯಿಸುತ್ತ ಅವ್ವ ಕೇಳಿದಳು: “ಈಶಪ್ಪಂದು ಲಗ್ನ ಆಗೈತೇನು?”

“ಮುಂದಿನ ವಾರ ಐತಿ ಅವ್ವ.”

“ಹುಡುಗಿ ಯಾವೂರಾಕಿ?”

“ಹುಡುಗಿ ಅಲ್ಲ. ಹುಡುಗ.”

ಹಂಚಿನ ಮೇಲಿನ ಹೋಳಿಗೆ ಒಂದು ಬದಿ ತುಸು ಕಪ್ಪಾಯಿತು. ಅದನ್ನು ತಿರುವಿ ಹಾಕಿ ಕೇಳಿದಳು: “ಅವನ ತಾಯಿಗಿ ಗೊತ್ತೈತೇನು?”

“ಗೊತ್ತೈತಿ. ಆಕಿನ ಮುಂದ ನಿಂತ ಮಾಡಸಾಕತ್ತಾಳ.”

ಅವ್ವ ಮತ್ತೇನೂ ಕೇಳಲಿಲ್ಲ. ಬೆಳಿಗ್ಗೆ ನೋಡಿದರೆ ಹೋಳಿಗೆಯ ಗಂಟುಗಳು ಎರಡಿದ್ದವು. “ಒಂದು ಇವಂಗ, ಒಂದು ಅವಂಗ” ಎಂದು ಅವನ ಚೀಲದಲ್ಲಿ ತಾನೇ ಇಟ್ಟಳು. ಕುಸುರೆಳ್ಳಿನ ಪೊಟ್ಟಣವನ್ನು ಮೇಲಿಟ್ಟು, ಎಳ್ಳು ಬೆಲ್ಲದ್ಹಾಂಗ ಇರ್ರಿ ಎಂದಳು.

ಪರದೇಶದ ಗೆಳೆಯನಿಂದ ಏನು ಲಾಭ ಎಂದು ಕೇಳುವವರಿದ್ದಾರೆ. ಊರವರು ನಮ್ಮನ್ನು ಹುಟ್ಟಿದಂದಿನಿಂದ ಬಲ್ಲರು; ಅವರು ಬಲ್ಲ ಮನುಷ್ಯನನ್ನು ಬಿಟ್ಟು ಬೇರೊಬ್ಬನಾಗಿ ಅವರೆದುರು ನಿಲ್ಲುವುದು ಕಷ್ಟ. ದೂರದವನು ನಮ್ಮನ್ನು ಮೊದಲ ಸಲ ನೋಡುವಾಗಲೇ ಇದ್ದಂತೆ ನೋಡುತ್ತಾನೆ. ಒಮ್ಮೆ ಹಾಗೆ ನೋಡಿಸಿಕೊಂಡವನು ತನ್ನ ಓಣಿಗೆ ಮರಳಿದಾಗ ಅವನ ಬೆನ್ನು ತುಸು ನೆಟ್ಟಗಾಗಿರುತ್ತದೆ. ನನಗಾದ ಲಾಭ ಅದೊಂದೇ, ಅದೇ ದೊಡ್ಡದು.

ಈ ಬರಹವನ್ನು ಪತ್ರಿಕೆಗೆ ಕಳಿಸುವ ಮೊದಲು ಅವ್ವನಿಗೆ ಓದಿ ಹೇಳಿದೆ. ಜೋಳ ಹಸನು ಮಾಡುತ್ತ ಕುಳಿತಿದ್ದವಳು ಮೊರವನ್ನು ಕೆಳಗಿಡದೆ ಕೊನೆಯವರೆಗೂ ಕೇಳಿದಳು. ನಾನೆಂಥವನೆಂಬ ಸಾಲು ಬಂದಾಗ ಮಾತ್ರ ಅವಳ ಕೈ ನಿಂತಿತು, ಮತ್ತೆ ಆಡಿತು. ಮುಗಿದ ಮೇಲೆ ಕೇಳಿದಳು:

“ಪೇಪರಿನ್ಯಾಗ ನಿನ್ನ ಹೆಸರ ಹಾಕ್ತಾರೇನು?”

“ಹಾಕ್ತಾರ ಅವ್ವ.”

“ಹಾಕ್ಲಿ ಬಿಡು” ಎಂದಳು. “ಹೆಸರ ಇಟ್ಟಾಕಿ ನಾನ ಅಲ್ಲೇನು?”